ಕಲ್ಯಾಣದ ಗ್ರಂಥ ಮತ್ತು ಹೆಣ್ಣುಮಕ್ಕಳ ಪಾಲು

ಧರ್ಮಗ್ರಂಥಗಳು ಸಮಾಜವನ್ನು ರೂಪಿಸುತ್ತವೆ ಎಂದು ನಾವು ಹೇಳುವುದುಂಟು. ಆದರೆ ಸಮಾಜವೂ ಗ್ರಂಥವನ್ನು ತನಗೆ ಬೇಕಾದಂತೆ ಓದಿಕೊಳ್ಳುತ್ತದೆ; ಒಪ್ಪುವ ಮಾತನ್ನು ಎತ್ತಿಹಿಡಿದು, ಒಪ್ಪದ ಮಾತನ್ನು ಬದಿಗಿಡುತ್ತದೆ. ಇದನ್ನು ಅರಿಯಲು ದೂರ ಹೋಗಬೇಕಿಲ್ಲ. ನಮ್ಮದೇ ನಾಡಿನ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಆಳಿದ ಚಾಲುಕ್ಯರ ಆಶ್ರಯದಲ್ಲಿ ರಚಿತವಾದ ಒಂದು ಸಂಸ್ಕೃತ ಗ್ರಂಥದ ಚರಿತ್ರೆಯೇ ಸಾಕು. ಅದು ವಿಜ್ಞಾನೇಶ್ವರನ ‘ಮಿತಾಕ್ಷರ’.

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಕವಿ ಬಿಲ್ಹಣನಿಗೆ ಆಶ್ರಯವಿತ್ತ ದೊರೆಯೂ ಈತನೇ. ಈತನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದನು. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಭಾಗಗಳುಳ್ಳ ಆ ಸ್ಮೃತಿಯಲ್ಲಿ ಸುಮಾರು ಒಂದು ಸಾವಿರ ಶ್ಲೋಕಗಳಿವೆ. ಮಿತವಾದ ಅಕ್ಷರಗಳಲ್ಲಿ ಹೇಳಿದ್ದು ಎಂಬ ಅರ್ಥದ ಹೆಸರನ್ನು ಹೊತ್ತ ಆ ವ್ಯಾಖ್ಯಾನವು ಮುಂದೆ ಮೂಲ ಸ್ಮೃತಿಗಿಂತಲೂ ಹೆಚ್ಚಿನ ಮನ್ನಣೆ ಪಡೆಯಿತು. ಬಂಗಾಳ ಮತ್ತು ಅಸ್ಸಾಮಿನಲ್ಲಿ ಜೀಮೂತವಾಹನನ ‘ದಾಯಭಾಗ’ ನಡೆಯಿತು. ಭಾರತದ ಉಳಿದ ಬಹುಭಾಗದಲ್ಲಿ ಹಿಂದೂ ಉತ್ತರಾಧಿಕಾರಕ್ಕೆ ಮಿತಾಕ್ಷರವೇ ಆಧಾರವಾಯಿತು.

ವಿಜ್ಞಾನೇಶ್ವರನ ಮಾತುಗಳಲ್ಲಿ ಎರಡನ್ನು ಇಲ್ಲಿ ಮುಂದಿಡುತ್ತೇವೆ. ಮೊದಲನೆಯದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಒದಗುತ್ತದೆ ಎಂಬುದು. ತಂದೆ ತೀರಿಕೊಂಡ ಬಳಿಕವೇ ಹಕ್ಕು ಎಂಬ ಜೀಮೂತವಾಹನನ ಮತಕ್ಕೆ ಇದು ವಿರುದ್ಧವಾದುದು. ಎರಡನೆಯದು ಸ್ತ್ರೀಧನದ ಕುರಿತಾದುದು. ಯಾಜ್ಞವಲ್ಕ್ಯನು ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದನ್ನು ಎಣಿಸಿ ಕೊನೆಗೆ ‘ಆದ್ಯ’ ಎಂಬ ಪದವಿಟ್ಟಿದ್ದಾನೆ. ‘ಮುಂತಾದವು’ ಎಂಬರ್ಥದ ಆ ಒಂದೇ ಪದವನ್ನು ಹಿಡಿದು ವಿಜ್ಞಾನೇಶ್ವರನು, ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು ಸಹ ಸ್ತ್ರೀಧನವೇ ಎಂದು ವಿವರಿಸಿದನು.

ಆತನನ್ನು ನಮ್ಮ ಕಾಲದ ಸುಧಾರಕನೆಂದು ಬಣ್ಣಿಸುವುದು ಸರಿಯಲ್ಲ. ಗಂಡುಮಕ್ಕಳಿಲ್ಲದೆ ತೀರಿಕೊಂಡವನ ಆಸ್ತಿ ಪತ್ನಿಗೆ ಸಲ್ಲುವುದು, ಅವನು ಸೋದರರಿಂದ ಬೇರೆಯಾಗಿದ್ದರೆ ಮಾತ್ರ ಎಂದು ಆತನೇ ಮಿತಿ ಹಾಕಿದ್ದಾನೆ. ಆದರೂ ಆತನ ಒಂದು ಧೋರಣೆ ಗಮನಾರ್ಹ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂಬ ವಚನಗಳು ಶಾಸ್ತ್ರದಲ್ಲಿದ್ದರೂ, ಜನರು ಅದನ್ನು ಹೇವರಿಸುವುದರಿಂದ ಆಚರಿಸತಕ್ಕುದಲ್ಲ ಎಂದು ಆತನು ಬರೆದನು. ಒಡೆತನವು ಲೌಕಿಕವಾದುದು, ಶಾಸ್ತ್ರದಿಂದಷ್ಟೇ ತಿಳಿಯತಕ್ಕದ್ದಲ್ಲ ಎಂದೂ ವಾದಿಸಿದನು.

ಇನ್ನು ಕಲ್ಯಾಣದಿಂದ ಕಲ್ಕತ್ತೆಗೆ ಬರೋಣ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಒಂದು ನಿಯಮ ಮಾಡಿದನು: ಉತ್ತರಾಧಿಕಾರ, ವಿವಾಹ, ಜಾತಿ ಮತ್ತಿತರ ಧಾರ್ಮಿಕ ವಿಷಯಗಳಲ್ಲಿ ಮುಸ್ಲಿಮರಿಗೆ ಕುರ್‌ಆನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರದ ಕಾನೂನು. ಕೇಳಲು ಗೌರವದ ಮಾತೇ. ಆದರೆ ತೀರ್ಪು ಕೊಡುವವರಿಗೆ ಸಂಸ್ಕೃತವೂ ಅರಬಿಯೂ ತಿಳಿದಿರಲಿಲ್ಲ. ಹನ್ನೊಂದು ಮಂದಿ ಪಂಡಿತರು ಸಂಸ್ಕೃತದಲ್ಲಿ ಸಂಗ್ರಹಿಸಿದ ಗ್ರಂಥವು ಪಾರ್ಸಿಗೆ, ಪಾರ್ಸಿಯಿಂದ ಇಂಗ್ಲಿಷಿಗೆ ಅನುವಾದಗೊಂಡು 1776ರಲ್ಲಿ ಅಚ್ಚಾಯಿತು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯವಿಭಾಗವನ್ನಷ್ಟೇ ಇಂಗ್ಲಿಷಿಗೆ ತಂದನು. ಇಡೀ ಗ್ರಂಥದ ಒಂದು ಅಂಶ ಮಾತ್ರ ನ್ಯಾಯಾಧೀಶರ ಮೇಜಿಗೆ ಬಂದಿತು. ವ್ಯಾಖ್ಯಾನದ ಸುತ್ತಲಿದ್ದ ವಾದ, ಪ್ರತಿವಾದ, ಊರೂರಿನ ಆಚಾರ ಹಿಂದೆ ಉಳಿದವು. 1864ರಲ್ಲಿ ನ್ಯಾಯಾಲಯದ ಪಂಡಿತರ ಹುದ್ದೆಗಳೂ ರದ್ದಾದವು.

ಹೀಗೆ ಓದಿದವರು ಏನನ್ನು ಸ್ವೀಕರಿಸಿದರು, ಏನನ್ನು ಬಿಟ್ಟರು? ಮಗನ ಹುಟ್ಟುಹಕ್ಕನ್ನು ಪೂರ್ಣವಾಗಿ ಸ್ವೀಕರಿಸಿದರು. ಸ್ತ್ರೀಧನದ ವಿಶಾಲ ವಿವರಣೆಯನ್ನು ಸ್ವೀಕರಿಸಲಿಲ್ಲ. ಪತಿಯಿಂದ ವಾರಸಾಗಿ ಬಂದ ಆಸ್ತಿ ವಿಧವೆಯ ಸ್ತ್ರೀಧನವಲ್ಲವೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1867ರಲ್ಲಿ ತೀರ್ಪಿತ್ತಿತು. ಹೆಣ್ಣಿನಿಂದ ಹೆಣ್ಣಿಗೆ ವಾರಸಾಗಿ ಬಂದದ್ದೂ ಸ್ತ್ರೀಧನವಲ್ಲವೆಂದು 1903ರಲ್ಲಿ ಹೇಳಿತು. ವಿಧವೆಯು ತನ್ನ ಜೀವಿತಾವಧಿಯಲ್ಲಿ ಉತ್ಪನ್ನವನ್ನು ಅನುಭವಿಸಬಹುದಿತ್ತು. ವಿಶೇಷ ಅಗತ್ಯವಿಲ್ಲದೆ ಮಾರುವಂತಿರಲಿಲ್ಲ. ಆಕೆಯ ನಂತರ ಆಸ್ತಿ ಪತಿಯ ವಾರಸುದಾರರಿಗೆ ಮರಳುತ್ತಿತ್ತು. ಕಲ್ಯಾಣದ ಪಂಡಿತನು ಎಂಟು ಶತಮಾನಗಳ ಹಿಂದೆ ತೆರೆದಿಟ್ಟ ಬಾಗಿಲು ಆತನದೇ ಗ್ರಂಥದ ಹೆಸರಿನಲ್ಲಿ ಮುಚ್ಚಿತು.

ಆ ಬಾಗಿಲನ್ನು ಮತ್ತೆ ತೆರೆಯಲು ಶಾಸನಸಭೆಗಳೇ ಬೇಕಾದವು. ಇದರಲ್ಲಿಯೂ ಕನ್ನಡನಾಡಿಗೆ ಸ್ಥಾನವಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿ, ಅವಿವಾಹಿತ ಮಗಳಿಗೆ ಸೋದರನ ಪಾಲಿನ ನಾಲ್ಕನೆಯ ಒಂದು ಭಾಗವನ್ನು ನಿಗದಿಪಡಿಸಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯ ಪಾಲಿನ ಕಾಯಿದೆ ಬಂದದ್ದು 1937ರಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರು 1941ರ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿದ್ದರು. ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟದ್ದು 1951ರಲ್ಲಿ ಡಾ. ಅಂಬೇಡ್ಕರ್ ಅವರು ಮಂತ್ರಿಪದವಿಗೆ ರಾಜೀನಾಮೆಯಿತ್ತ ಕಾರಣಗಳಲ್ಲೊಂದು. 1956ರ ಉತ್ತರಾಧಿಕಾರ ಕಾಯಿದೆ ಹೆಣ್ಣಿಗೆ ಪೂರ್ಣ ಒಡೆತನ ನೀಡಿದರೂ ಅವಿಭಕ್ತ ಕುಟುಂಬದ ಹುಟ್ಟುಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆದರೆ ಅದಕ್ಕೆ ಮೊದಲೇ ವಿವಾಹವಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಮಗಳನ್ನು ಮಗನಿಗೆ ಸಮನಾಗಿಸಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು.

ಇದು ಅನ್ಯರ ಮನೆಯ ಕಥೆಯೆಂದು ನಾವು ಕೈಕಟ್ಟಿ ಕೂರುವಂತಿಲ್ಲ. 1847ರಲ್ಲಿ ಬೊಂಬಾಯಿಯಲ್ಲಿ ಖೋಜಾ ಮತ್ತು ಕಛ್ಛಿ ಮೇಮನ್ ಸಮುದಾಯಗಳ ಹೆಣ್ಣುಮಕ್ಕಳು ಕುರ್‌ಆನ್ ವಿಧಿಸಿದ ಪಾಲನ್ನು ಕೇಳಿ ನ್ಯಾಯಾಲಯಕ್ಕೆ ಹೋದರು. ಹಿಂದೂ ಪದ್ಧತಿಯಂತೆ ಹೆಣ್ಣುಮಕ್ಕಳಿಗೆ ಪಾಲಿಲ್ಲದಿರುವುದೇ ನಮ್ಮ ರೂಢಿ ಎಂಬ ವಾದವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆ ವಾದ ಹೂಡಿದವರೂ ಮುಸ್ಲಿಮರೇ. ರೂಢಿಯನ್ನು ಬದಿಗೊತ್ತಲು 1937ರ ಶರೀಅತ್ ಕಾಯಿದೆ ಬರಬೇಕಾಯಿತು. ಆ ಕಾಯಿದೆಯೂ ಕೃಷಿಭೂಮಿಯನ್ನು ಹೊರಗಿಟ್ಟೇ ಬಂದಿತು. ಹೊಲ ಮಾತ್ರ ಹೆಣ್ಣಿನ ಕೈಗೆ ಹೋಗಬಾರದೆಂಬ ಆಸೆಗೆ ಧರ್ಮಭೇದವಿರಲಿಲ್ಲ.

ಮದ್ರಸಾದಲ್ಲಿ ನಾವು ಉತ್ತರಾಧಿಕಾರದ ಪಾಠ ಮಾಡುವಾಗ ಅರ್ಧ, ಕಾಲು, ಅರೆಕಾಲು ಎಂದು ಪಾಲುಗಳನ್ನು ಕಂಠಪಾಠ ಮಾಡಿಸುತ್ತೇವೆ. ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಅದೇ ಮಕ್ಕಳ ಮನೆಗಳಲ್ಲಿ ಅಜ್ಜ ತೀರಿಕೊಂಡಾಗ ಅತ್ತೆಯಂದಿರು ಉಪನೋಂದಣಿ ಕಚೇರಿಗೆ ಬಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುವುದನ್ನು ನಾವು ಕಂಡಿದ್ದೇವೆ. ಪಕ್ಕದ ಹಿಂದೂ ಮನೆಯಲ್ಲಿ ನಡೆಯುವುದೂ ಅದೇ. ಕೇಳಿದರೆ ಇಬ್ಬರ ಉತ್ತರವೂ ಒಂದೇ: ಮದುವೆಗೆ ಖರ್ಚು ಮಾಡಿದ್ದೇವಲ್ಲ, ತವರಿನ ಬಾಗಿಲು ಆಕೆಗೆ ತೆರೆದಿರಬೇಡವೇ? ಪಾಲು ಕೇಳಿದವಳಿಗೆ ಹಬ್ಬದ ಕರೆಯೂ ನಿಂತುಹೋಗುತ್ತದೆ. ಆ ಭಯದಿಂದ ಹಾಕಿದ ಸಹಿಯನ್ನು ನಾವು ಔದಾರ್ಯವೆಂದು ಕರೆಯುತ್ತೇವೆ.

ವಿಜ್ಞಾನೇಶ್ವರನ ಗ್ರಂಥದ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಇದು. ಮಿತಾಕ್ಷರವು ಹೆಣ್ಣಿಗೆ ಕೊಟ್ಟ ಮಾತು ಪುಸ್ತಕದಲ್ಲಿಯೇ ಇತ್ತು, ಆದರೂ ಅದು ಆಕೆಯ ಕೈ ಸೇರಲಿಲ್ಲ. ನಮ್ಮ ಪವಿತ್ರ ಗ್ರಂಥದ ಮಾತೂ ಪಠನದಲ್ಲಿ ಉಳಿದು, ಪಾಲುಪಟ್ಟಿಯಲ್ಲಿ ಕಾಣದಿದ್ದರೆ ನಮ್ಮ ಸ್ಥಿತಿ ಬೇರೆಯಲ್ಲ. ಮುಂದಿನ ಬಾರಿ ನಮ್ಮ ಮನೆಗಳಲ್ಲಿ ಆಸ್ತಿಯ ಮಾತು ಎದ್ದಾಗ ಸೋದರಿಯನ್ನು ಸಹಿಗಾಗಿ ಕರೆಯುವ ಮೊದಲು, ಆಕೆಗೆ ಸಲ್ಲುವುದೆಷ್ಟು ಎಂಬುದನ್ನು ಆಕೆಯ ಎದುರಿನಲ್ಲಿ ಲೆಕ್ಕ ಮಾಡಿ ಹೇಳೋಣ. ತೆಗೆದುಕೊಳ್ಳುವುದೋ ಬಿಡುವುದೋ ಎಂಬುದು ಆ ನಂತರ ಆಕೆಗೆ ಬಿಟ್ಟ ವಿಷಯ.