ಕ್ರೇನಿನಿಂದ ನೆಲಕ್ಕಿಳಿದ ಕ್ಯಾಮೆರಾ

ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್, ನಡಿಗೆಯ ಕುಲುಕಾಟ ದೃಶ್ಯಕ್ಕೆ ತಾಗದಂತೆ ತಡೆಯುವ, ಮೈಗೆ ಕಟ್ಟಿಕೊಳ್ಳುವ ಸಾಧನ. ಎದೆ, ಸೊಂಟಗಳನ್ನು ಬಿಗಿಯುವ ಕವಚಕ್ಕೆ ಜೋಡಿಸಿದ ಸ್ಪ್ರಿಂಗ್ ತೋಳು ಕ್ಯಾಮೆರಾದ ಭಾರವನ್ನು ಹೊರುತ್ತದೆ. ತೋಳಿನ ತುದಿಯ ಗಿಂಬಲ್, ಅಂದರೆ ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗುವ ಕೀಲು, ಮೈಯ ವಾಲಾಟ ಕ್ಯಾಮೆರಾವನ್ನು ಮುಟ್ಟಲು ಬಿಡುವುದಿಲ್ಲ.

ಹ್ಯಾಲ್ ಆಶ್ಬಿ ನಿರ್ದೇಶಿಸಿ, ಹ್ಯಾಸ್ಕೆಲ್ ವೆಕ್ಸ್ಲರ್ ಛಾಯಾಗ್ರಹಣ ಮಾಡಿದ ‘ಬೌಂಡ್ ಫಾರ್ ಗ್ಲೋರಿ’ (1976) ಚಿತ್ರಕ್ಕಾಗಿ ಬ್ರೌನ್ ಈ ಸಾಧನವನ್ನು ತೊಟ್ಟು ಕ್ರೇನಿನ ವೇದಿಕೆಯ ಮೇಲೆ ನಿಂತು, 1930ರ ದಶಕದ ವಲಸೆ ಕೂಲಿಗಳ ಶಿಬಿರವನ್ನು ಎತ್ತರದಿಂದ ಚಿತ್ರೀಕರಿಸುತ್ತ ಕೆಳಗಿಳಿದು, ಕ್ಯಾಮೆರಾ ನಿಲ್ಲಿಸದೆಯೇ ನೆಲಕ್ಕೆ ಹೆಜ್ಜೆಯಿಟ್ಟು, ಜನಸಂದಣಿಯ ನಡುವೆ ನಟ ಡೇವಿಡ್ ಕ್ಯಾರಡೀನ್ ಅವರನ್ನು ಹಿಂಬಾಲಿಸಿದರು.

ಇಂಥ ಶಾಟ್‌ನ ನಿಜವಾದ ಕಷ್ಟವಿರುವುದು, ನೋಡುವವರ ಅರಿವಿಗೇ ಬಾರದ ಆ ಒಂದು ಹೆಜ್ಜೆಯಲ್ಲಿ. ಎದುರು ತುದಿಯ ತೂಕದಿಂದ ಸಮತೋಲನಗೊಂಡ ಕ್ರೇನು, ಆಪರೇಟರ್ ಇಳಿದಾಕ್ಷಣ ಹಗುರಾಗಿ ಮೇಲಕ್ಕೆ ಚಿಮ್ಮಬಲ್ಲದಾದ್ದರಿಂದ, ಸಹಾಯಕರು ಅದನ್ನು ಅದುಮಿ ಹಿಡಿಯಬೇಕು, ಇಲ್ಲವೇ ಅಷ್ಟೇ ತೂಕದ ಇನ್ನೊಬ್ಬರು ಅದೇ ಹೊತ್ತಿಗೆ ವೇದಿಕೆ ಹತ್ತಬೇಕು. ಅದೂ ಕ್ಯಾಮೆರಾದ ಕಣ್ಣಿಗೆ ಬೀಳದಂತೆ.

ಈ ಚಿತ್ರ ವೆಕ್ಸ್ಲರ್ ಅವರಿಗೆ ಆಸ್ಕರ್ ಪ್ರಶಸ್ತಿ ತಂದುಕೊಟ್ಟಿತು. ಸ್ಟೆಡಿಕ್ಯಾಮ್‌ಗಾಗಿ ಬ್ರೌನ್ ಅವರಿಗೂ 1978ರಲ್ಲಿ ಅಕಾಡೆಮಿಯ ತಾಂತ್ರಿಕ ಗೌರವ ಸಂದಿತು.