ದೇಶಾಂತರ

ಸಾಲದ ಕಾಟಕ್ಕೆ ದೇಶಾಂತರ ಹೋದವರ ಕಥೆ ಕನ್ನಡದಲ್ಲಿ ಬೇಕಾದಷ್ಟಿದೆ. ಆದರೆ ಜ್ಯೋತಿಷದವರ ದೇಶಾಂತರಕ್ಕೆ ಗಂಟುಮೂಟೆ ಬೇಡ. ಅಲ್ಲಿ ದೇಶವೆಂದರೆ ಸ್ಥಳ, ಅಂತರವೆಂದರೆ ದೂರ. ಎರಡು ಸ್ಥಳಗಳ ನಡುವಿನ ಪೂರ್ವ-ಪಶ್ಚಿಮದ ಅಂತರ. ನಮ್ಮ ಪಠ್ಯಪುಸ್ತಕಗಳು ಇದನ್ನೇ ರೇಖಾಂಶ ಎನ್ನುತ್ತವೆ.

ಎಲ್ಲಿಂದ ಅಂತರ? ಸೂರ್ಯಸಿದ್ಧಾಂತದ ಮಧ್ಯರೇಖೆ ಲಂಕೆಯಿಂದ ಹೊರಟು ಅವಂತಿ, ಅಂದರೆ ಉಜ್ಜಯಿನಿಯ ಮೇಲೆ ಹಾದು ಮೇರುವಿಗೆ, ಅಂದರೆ ಉತ್ತರ ಧ್ರುವಕ್ಕೆ, ಹೋಗುತ್ತದೆ. ಈ ಲಂಕೆ ಇಂದಿನ ಶ್ರೀಲಂಕಾ ಅಲ್ಲ, ಭೂಮಧ್ಯರೇಖೆಯ ಮೇಲೆ ಕಲ್ಪಿಸಿಕೊಂಡ ಬಿಂದು. ಇಂದು ಲೆಕ್ಕ ಶುರುವಾಗುವ ಗ್ರೀನಿಚ್‌ಗೆ ಸೊನ್ನೆಯ ಪಟ್ಟ ಸಿಕ್ಕಿದ್ದು 1884ರ ವಾಷಿಂಗ್ಟನ್ ಸಮ್ಮೇಳನದಲ್ಲಿ.

ಜೊತೆಯ ಪದ ಅಕ್ಷಾಂಶ. ಭೂಮಿಯ ಅಕ್ಷ ದಿಗಂತದಿಂದ ಎಷ್ಟು ಅಂಶ, ಅಂದರೆ ಡಿಗ್ರಿ, ಮೇಲೆದ್ದು ಕಾಣುತ್ತದೋ ಅಷ್ಟೇ ಆ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ಧ್ರುವನಕ್ಷತ್ರ ಸುಮಾರು 13 ಡಿಗ್ರಿ ಎತ್ತರದಲ್ಲಿರುವುದು ಇದೇ ಕಾರಣಕ್ಕೆ. ನಾವಿಕರಿಗೆ ಇದು ಸಲೀಸು. ದೇಶಾಂತರಕ್ಕೆ ನೆಚ್ಚಬಹುದಾದ ಗಡಿಯಾರವೇ ಬೇಕಾಯಿತು, ಏಕೆಂದರೆ ಅದು ಕಾಲದ ಲೆಕ್ಕ. ಒಂದು ಡಿಗ್ರಿಗೆ 4 ನಿಮಿಷ.

ಪಂಚಾಂಗದಲ್ಲಿ ಈ ಲೆಕ್ಕ ಇನ್ನೂ ಜೀವಂತ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಮಂಗಳೂರು ಇರುವುದು 75ರ ಆಸುಪಾಸಿನಲ್ಲಿ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವಾಗ ಗಡಿಯಾರ ಸರಾಸರಿ ಹನ್ನೆರಡೂವರೆ ತೋರಿಸುತ್ತದೆ. ರೇಖಾಂಶ ಎಂಬ ಹೆಸರು ಗೆರೆ, ಡಿಗ್ರಿಗಳನ್ನಷ್ಟೇ ಹೇಳುತ್ತದೆ. ದೇಶಾಂತರವೇ ಹೆಚ್ಚು ಒಪ್ಪುವ ಪದವಾಗಿತ್ತೆಂದು ನನಗನಿಸುತ್ತದೆ.