ನೊರೆ ಬಾರದ ನೀರಿನ ಲೆಕ್ಕ

ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಒಗೆದವರಿಗೆ ಗೊತ್ತು: ಸೋಪನ್ನು ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಕಟ್ಟುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಅಯಾನುಗಳೊಂದಿಗೆ ಸೇರಿ, ಕರಗದ ವಸ್ತುವಾಗಿ ಹೊರಬಿದ್ದದ್ದೇ ಆ ಜಿಡ್ಡು.

ಇದರ ಲೆಕ್ಕ ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಪರಿಚಿತ. ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 1889ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಒಂದು ಕ್ಯಾಲ್ಸಿಯಂ ಅಯಾನು ಎರಡು ಸೋಪಿನ ಅಯಾನುಗಳನ್ನು ಹಿಡಿಯುತ್ತದೆ. ಆದ್ದರಿಂದ ಕ್ಯಾಲ್ಸಿಯಂನ ಸಾರತೆಯನ್ನು ಸೋಪಿನ ಅಯಾನಿನ ಸಾರತೆಯ ವರ್ಗದಿಂದ ಗುಣಿಸಬೇಕು. ಆ ಗುಣಲಬ್ಧ ಒಂದು ನಿಗದಿತ ಸಂಖ್ಯೆಯನ್ನು ದಾಟಿದರೆ ಜಿಡ್ಡು ಕಟ್ಟುತ್ತದೆ. ಆ ಸಂಖ್ಯೆಯೇ ವಿಲೇಯತಾ ಗುಣಲಬ್ಧ. ಲೆಕ್ಕದ ಪ್ರಕಾರ ಸೋಪು ಎರಡು ಪಟ್ಟಾದರೆ ಗುಣಲಬ್ಧ ನಾಲ್ಕು ಪಟ್ಟಾಗಬೇಕು.

ಆದರೆ ಇದರೊಳಗೆ ಒಂದು ನಂಬಿಕೆ ಅಡಗಿದೆ: ಕರಗಿದ ಸೋಪೆಲ್ಲ ಬಿಡಿಬಿಡಿ ಅಯಾನುಗಳಾಗಿಯೇ ಇದೆ ಎಂಬುದು. ಅದನ್ನು ಅಲುಗಾಡಿಸಿದವರು ಕೆನಡಾದಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಜೇಮ್ಸ್ ಮೆಕ್‌ಬೈನ್. ಸೋಪಿನ ದ್ರಾವಣ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತಿತ್ತು. ಆದರೆ ಇತರ ಅಳತೆಗಳು ಅದರಲ್ಲಿ ಕಣಗಳ ಸಂಖ್ಯೆ ಕಡಿಮೆಯೆಂದು ತೋರಿಸುತ್ತಿದ್ದವು. ಅಯಾನುಗಳು ವಿದ್ಯುದಂಶ ಉಳಿಸಿಕೊಂಡೇ ಗುಂಪುಗೂಡುತ್ತವೆ ಎಂದು ಅವರು 1913ರಲ್ಲಿ ಪ್ರತಿಪಾದಿಸಿದರು. ಈ ಗುಂಪುಗಳನ್ನೇ ಇಂದು ಮೈಸೆಲ್ ಎನ್ನುತ್ತೇವೆ. ಗುಂಪು ಕಟ್ಟಲು ತೊಡಗಿದ ಮೇಲೆ ಎಷ್ಟು ಸೋಪು ಸುರಿದರೂ ಬಿಡಿ ಅಯಾನುಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. 'ನಾಲ್ಕು ಪಟ್ಟು' ಎಂಬ ಉತ್ತರ ಅಲ್ಲಿ ನಿಲ್ಲುವುದಿಲ್ಲ.

ಎಪ್ಪತ್ತರ ಸಮೀಪದ ವಯಸ್ಸಿನಲ್ಲಿ ಮೆಕ್‌ಬೈನ್ ಪುಣೆಗೆ ಬಂದರು. ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಜವಾಹರಲಾಲ್ ನೆಹರೂ 1950ರ ಜನವರಿ 3ರಂದು ಉದ್ಘಾಟಿಸಿದಾಗ ಅದರ ಮೊದಲ ನಿರ್ದೇಶಕರು ಇವರೇ. 1952ರವರೆಗೆ ಅಲ್ಲಿದ್ದರು, ಮರುವರ್ಷ ತೀರಿಕೊಂಡರು. ಹೊಸ ಗಣರಾಜ್ಯದ ರಸಾಯನಶಾಸ್ತ್ರದ ದೊಡ್ಡ ಸಂಸ್ಥೆಯೊಂದರ ಚುಕ್ಕಾಣಿಯನ್ನು, ಬಟ್ಟೆ ಒಗೆಯುವ ಸೋಪನ್ನು ಬಹುಕಾಲ ಅಭ್ಯಸಿಸಿದ ವ್ಯಕ್ತಿ ಹಿಡಿದಿದ್ದರು.

ಪರೀಕ್ಷೆಯಲ್ಲಿ ನಾವು ಹಾಕಿದ ವಸ್ತುವಿನ ತೂಕದಿಂದ ಸಾರತೆ ತೆಗೆದು ಸೂತ್ರಕ್ಕೆ ತುಂಬಿಬಿಡುತ್ತೇವೆ. ಹಾಕಿದ್ದು ಎಷ್ಟು ಎನ್ನುವುದಕ್ಕಿಂತ, ಅದರಲ್ಲಿ ಬಿಡಿಯಾಗಿ ಉಳಿದದ್ದು ಎಷ್ಟು ಎಂಬುದು ಮುಖ್ಯ. ಒಗೆಯುವ ನೀರಿಗೆ ಮೊದಲೇ ವಾಷಿಂಗ್ ಸೋಡಾ ಬೆರೆಸುವ ಮನೆಯವರು ಮಾಡುವುದೂ ಇದನ್ನೇ: ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳಕ್ಕೆ ಇಳಿಯುತ್ತದೆ, ಸೋಪು ನೊರೆಗೆ ಉಳಿಯುತ್ತದೆ.